ಮೂವತ್ತೇಳು ಹಲ್ಲಿನ ಗಾಲಿ

ಹೋದ ತಿಂಗಳು ಕುಂದಗೋಳದ ನಮ್ಮ ವೈನಿಯ, ಅಂದರೆ ಅತ್ತಿಗೆಯ, ಮನೆಗೆ ಹೋಗಿದ್ದೆ. ಒಲೆಯ ಮೇಲೆ ಇಟ್ಟ ಕುಸುಬಿ ಎಣ್ಣೆಯನ್ನು ಮರೆತು ವೈನಿ ಮಾತಿಗೆ ಕುಳಿತಿದ್ದರು. ಎಣ್ಣೆ ಕಾದು ಹೊಗೆ ಎದ್ದಿತು. ಎಲ್ಲರೂ ಕೆಮ್ಮುತ್ತ ಕಿಟಕಿ ತೆರೆಯಲು ಓಡಿದರೆ ನಾನು ಒಲೆಯ ಬಳಿ ಹೋಗಿ ನಿಂತುಬಿಟ್ಟೆ.

"ಏನ್ ಮೂಸಾಕತ್ತೀ ಸುಜಾತಾ? ಹುಚ್ಚು ಹಿಡದೈತೇನು?" ಎಂದರು ವೈನಿ.

ಹುಚ್ಚೇ. ಕಾದ ಉಕ್ಕಿನ ಮೇಲೆ ಕುಸುಬಿ ಎಣ್ಣೆ ಬಿದ್ದಾಗ ಬರುವ ವಾಸನೆ ಅದು. ಐದು ವರ್ಷದ ಹಿಂದಿನ ಒಂದು ಹಿಂಗಾರಿಯಲ್ಲಿ ಆ ವಾಸನೆ ನನ್ನ ಸೀರೆ, ತಲೆಗೂದಲು, ಊಟದ ಡಬ್ಬಿಯಲ್ಲೆಲ್ಲ ಸೇರಿಕೊಂಡಿತ್ತು. ಆ ನಾಲ್ಕು ದಿನಗಳಷ್ಟು ಖುಷಿಯಿಂದ ನಾನು ಬದುಕಿನಲ್ಲಿ ಬೇರೆ ಯಾವ ಕೆಲಸವನ್ನೂ ಮಾಡಿಲ್ಲ.

ಆಗ ನನಗೆ ಮೂವತ್ತೆರಡು. ಐಟಿಐನಲ್ಲಿ ಟರ್ನರ್ ಕೆಲಸ ಕಲಿತು ಹುಬ್ಬಳ್ಳಿಯ ಒಂದು ಕಾರ್ಖಾನೆಯಲ್ಲಿ ಎಂಟು ವರ್ಷ ದುಡಿದಿದ್ದೆ. ಅಲ್ಲಿದ್ದದ್ದು ಕಂಪ್ಯೂಟರ್ ನಡೆಸುವ ಮಷೀನು. ತುಂಡು ಇಡು, ಬಾಗಿಲು ಮುಚ್ಚು, ಹಸಿರು ಗುಂಡಿ ಒತ್ತು. ಒಳಗೆ ಏನಾಗುತ್ತಿದೆಯೆಂದು ನೋಡಲೂ ಸಿಗುತ್ತಿರಲಿಲ್ಲ. ನಮ್ಮ ಮನೆಯವರು ಶಿವಾನಂದ, ಬಸ್ ಕಂಡಕ್ಟರ್. ಅವರಿಗೆ ನವಲಗುಂದದ ಕಡೆಯ ರೂಟು ಸಿಕ್ಕಾಗ ಕಾರ್ಖಾನೆ ಬಿಟ್ಟು ಅಣ್ಣಿಗೇರಿಗೆ ಬಂದು ಬಾಡಿಗೆ ಮನೆ ಹಿಡಿದೆವು.

ಗದಗ ರಸ್ತೆಯಲ್ಲಿ ಕಾಳಿನ ಅಡತಿ ಅಂಗಡಿಗಳ ಸಾಲು ಮುಗಿಯುವಲ್ಲಿ ಈರಪ್ಪ ಕಾಕಾನ ಲೇಥ್ ಅಂಗಡಿ. ಅರವತ್ತೈದು ದಾಟಿದ ಮನುಷ್ಯ, ಹಣೆ ತುಂಬ ವಿಭೂತಿ, ಮಾತು ಮಾತ್ರ ಒರಟು. ಕೆಲಸ ಕೇಳಲು ಹೋದ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಇಲ್ಲಿ ಗುಂಡಿ ಒತ್ತೂ ಮಷೀನ್ ಇಲ್ಲವಾ. ಕೈಲೆ ತಿರುವೂದು."

"ತಿರವತೀನ್ರೀ ಕಾಕಾ."

ತುಕ್ಕು ಹಿಡಿದ ಒಂದು ಸಲಾಕೆ ಕೊಟ್ಟು ಥ್ರೆಡ್ ಕೊಯ್ಯಲು ಹೇಳಿದ. ಕೊಯ್ದುಕೊಟ್ಟೆ. ನಟ್ ಹಾಕಿ ಬೆರಳಲ್ಲಿ ತಿರುಗಿಸಿ ನೋಡಿದ, ಇನ್ನೊಮ್ಮೆ ನೋಡಿದ. "ನಾಳೆ ಒಂಬತ್ತಕ್ಕ ಬಾ" ಎಂದ. ಅಷ್ಟೇ.

ಅಂಗಡಿಗೆ ಬರುತ್ತಿದ್ದ ಕೆಲಸ ಸಾದಾದ್ದು. ಟ್ರಾಲಿಯ ಪಿನ್ನು, ಟ್ರಾಕ್ಟರಿನ ಬುಷ್ಷು, ಸವೆದ ಶಾಫ್ಟು. ಮಳೆಗಾಲದ ನಡುವೆ ಒಂದು ದಿನ ಛಾವಣಿಯ ತಗಡು ಸೋರಿ ಮೂಲೆಯಲ್ಲಿದ್ದ ಗೋಣಿಚೀಲಗಳ ಮೇಲೆ ನೀರು ಬಿತ್ತು. ಸರಿಸಲು ಹೋದೆ. ಕೆಳಗೆ ಒಂದು ಸಾಗವಾನಿ ಪೆಟ್ಟಿಗೆ ಇತ್ತು. ಮುಚ್ಚಳ ಎತ್ತಿದೆ. ಗ್ರೀಸು ಬಳಿದ ಬಟ್ಟೆಯಲ್ಲಿ ಸುತ್ತಿದ ಗಂಟುಗಳು. ಒಂದೊಂದೇ ಬಿಚ್ಚಿ ನೋಡತೊಡಗಿದೆ.

ಲೇಥ್ ಎಂಬುದು ದುಂಡಗಿನದನ್ನಷ್ಟೇ ಮಾಡಬಲ್ಲ ಯಂತ್ರ. ಆದರೆ ಹಿಂದಿನವರು ಅದರ ಮೇಲೆ ಬಿಗಿಯಲು ಬೇರೆ ಬೇರೆ ಜೋಡಣೆಗಳನ್ನು ಮಾಡಿದ್ದರು. ಒಂದನ್ನು ಬಿಗಿದರೆ ಅದೇ ಲೇಥ್ ಚೆಂಡಿನಂಥ ಗುಂಡು ತಿರುವುತ್ತದೆ, ಇನ್ನೊಂದನ್ನು ಬಿಗಿದರೆ ಗಾಲಿಗೆ ಹಲ್ಲು ಕೊರೆಯುತ್ತದೆ. ಐಟಿಐಯ ಪುಸ್ತಕದಲ್ಲಿ ಚಿತ್ರ ನೋಡಿ ಪರೀಕ್ಷೆ ಬರೆದಿದ್ದೆ, ಕೈಯಲ್ಲಿ ಹಿಡಿದಿರಲಿಲ್ಲ. ಈಗ ನನ್ನ ತೊಡೆಯ ಮೇಲೆ ಒಂದು ಡಿವೈಡಿಂಗ್ ಹೆಡ್ ಕುಳಿತಿತ್ತು. ಗಾಲಿಯನ್ನು ಸಮಭಾಗ ಮಾಡಿ ತಿರುಗಿಸಿಕೊಡುವ ಸಾಧನ. ಕೈಹಿಡಿಯನ್ನು ನಲವತ್ತು ಸುತ್ತು ತಿರುಗಿಸಿದರೆ ಅದರಲ್ಲಿ ಬಿಗಿದ ಗಾಲಿ ಸರಿಯಾಗಿ ಒಂದು ಸುತ್ತು ತಿರುಗುತ್ತದೆ. ತಿರುಗಿಸಿದೆ. ಬೆಣ್ಣೆಯಂತೆ ತಿರುಗಿತು!

"ಮುಚ್ಚು ಅದನ್ನ" ಎಂದ ಕಾಕಾ ಹಿಂದಿನಿಂದ.

"ಯಾಕ್ರೀ? ಅಗದಿ ಹೊಸಾದರಗತೆ ಐತಿ."

ಎರಡು ದಿನದ ಮೇಲೆ ಚಹಾ ಕುಡಿಯುವಾಗ ತಾನೇ ಹೇಳಿದ. ಮುಚ್ಚಿದ ಯಾವುದೋ ಮಿಲ್ಲಿನ ಹರಾಜಿನಲ್ಲಿ ಅವನ ಅಪ್ಪ ತಂದ ಪೆಟ್ಟಿಗೆ ಅದು. ಅಪ್ಪ ತೀರಿದ ಮೇಲೆ ಕಾಕಾ ಎಣ್ಣೆ ಗಾಣದ ಒಂದು ಗಾಲಿಗೆ ಹಲ್ಲು ಕೊರೆಯಲು ಹೊರಟ. ಕೈಹಿಡಿಯನ್ನು ಎಷ್ಟು ತಿರುಗಿಸಬೇಕೆಂದು ಎಣಿಸಲು ಸುತ್ತಲೂ ಬೇರೆ ಬೇರೆ ಲೆಕ್ಕದ ತೂತುಗಳಿರುವ ತಟ್ಟೆಗಳು ಬೇಕು. ಪೆಟ್ಟಿಗೆಯಲ್ಲಿದ್ದದ್ದು ಎರಡು, ಮೂರನೆಯದು ಬಂದಿರಲೇ ಇಲ್ಲ. ಸಮೀಪದ ಲೆಕ್ಕ ಹಿಡಿದು ಕೊರೆದ. ಒಂದೊಂದು ಹಲ್ಲಿನಲ್ಲಿ ಕಾಣದ ತಪ್ಪು ಕೂಡುತ್ತ ಕೂಡುತ್ತ ಹೋಗಿ, ಕಡೆಯ ಹಲ್ಲು ದಪ್ಪಗೆ ಬಂತು. ಗಾಲಿ ಕೂರಲಿಲ್ಲ.

"ಬಜಾರದ ಮಂದಿ ಎಲ್ಲಾ ನಿಂತ ನೋಡಾಕತ್ತಿದ್ರು. ಆ ಗಾಲಿ ಒಯ್ದು ಬಾವ್ಯಾಗ ಒಗದ ಬಂದೆ. ಅವತ್ತಿನಿಂದ ಪೆಟಿಗಿ ಮುಟ್ಟಿಲ್ಲ."

ಅದು ಮೂವತ್ತು ವರ್ಷದ ಹಿಂದಿನ ಮಾತು. ಹೇಳುವಾಗ ಅವನ ಕಿವಿ ಕೆಂಪಾಗಿತ್ತು.

ಮಳೆ ಹಿಂದೆ ಸರಿದು ಎರೆ ಹೊಲಗಳಲ್ಲಿ ಕಡಲೆ, ಜೋಳ ಬಿತ್ತುವ ಗಡಿಬಿಡಿ ಶುರುವಾಯಿತು. ಆ ದಿನಗಳಲ್ಲೇ ಒಂದು ಮಂಗಳವಾರ ಬೆಳಗ್ಗೆ ಅಂಗಡಿಯ ಮುಂದೆ ಒಂದು ಟ್ರಾಕ್ಟರ್ ಬಂದು ನಿಂತಿತು. ಇಳಿದವರು ನಿಂಗವ್ವ ಅಕ್ಕ. ಮೊರಬದ ಆಚೆಗಿನ ಹಳ್ಳಿಯ ಪಂಚಾಯಿತಿ ಅಧ್ಯಕ್ಷೆ. ಟ್ರಾಕ್ಟರ್ ಓಡಿಸಿಕೊಂಡು ಬಂದವನು ಆ ಊರಿನ ನೀರಗಂಟಿ ಫಕೀರಪ್ಪ. ಅವನು ಒಂದು ಚೀಲವನ್ನು ನೆಲಕ್ಕೆ ಸುರಿದ. ಬೀಡುಕಬ್ಬಿಣದ ಹಳೆಯ ಹಲ್ಲಿನ ಗಾಲಿ ಉರುಳಿ ಬಿತ್ತು. ಒಂದು ಕಡೆ ಏಳು ಹಲ್ಲು ಸಾಲಾಗಿ ಮುರಿದುಹೋಗಿದ್ದವು.

"ಕೆರಿ ಗೇಟಿಂದ್ರಿ ಇದು. ಕಾಲುವಿ ನೀರು ಶನಿವಾರ ಬರತೈತಿ. ಐದ ದಿನ ಅಷ್ಟ. ಗೇಟ್ ಏಳಲಿಲ್ಲಂದ್ರ ಕೆರಿ ತುಂಬಂಗಿಲ್ಲ" ಎಂದರು ನಿಂಗವ್ವ ಅಕ್ಕ.

ಊರಿಗೆ ಕುಡಿಯುವ ನೀರೆಂದರೆ ಆ ಕೆರೆಯೊಂದೇ. ಕೊಳವೆಬಾವಿಯ ನೀರು ಉಪ್ಪು. ಈಗ ತುಂಬಿಕೊಂಡರೆ ಬೇಸಿಗೆಯವರೆಗೂ ನಿಶ್ಚಿಂತೆ.

"ಜೆಸಿಬಿ ಹಚ್ಚಿ ಎತ್ತೂದಲ್ಲ?" ಎಂದ ಕಾಕಾ.

"ಎತ್ತಬೋದ್ರಿ. ಕೆರಿ ತುಂಬಿದ ಮ್ಯಾಲ ಇಳಸೂದು ಹ್ಯಾಂಗ? ಗೇಟಿನ ಸಲಾಕಿ ಬಾಗಿದ್ರ ಅದು ಮುಚ್ಚಂಗಿಲ್ಲ, ಒಡ್ಡು ಒಡದ ಊರಾಗ ಬರತೈತಿ ನೀರು" ಎಂದ ಫಕೀರಪ್ಪ.

ಹುಬ್ಬಳ್ಳಿಯಲ್ಲಿ ಮೂರು ಕಡೆ ಕೇಳಿ ಬಂದಿದ್ದರು. ಈ ಅಳತೆಯ ಹಲ್ಲು ಈಗ ಯಾರೂ ಮಾಡುವುದಿಲ್ಲ, ಕಟರ್ ತರಿಸಬೇಕು, ಹದಿನೈದು ದಿನ ಬೇಕು ಎಂದಿದ್ದರಂತೆ.

ಕಾಕಾ ಗಾಲಿಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕುತ್ತ ಹಲ್ಲು ಎಣಿಸಿದ. ಉಳಿದದ್ದು ಮೂವತ್ತು, ಹೋದದ್ದು ಏಳು. "ಮೂವತ್ತೇಳು" ಎಂದವನು ಗಾಲಿಯನ್ನು ಮೆಲ್ಲಗೆ ಕೆಳಗಿಟ್ಟ. "ಆಗಂಗಿಲ್ಲಕ್ಕಾ. ಮೂವತ್ತೇಳರ ತಟ್ಟಿ ನನ್ನ ಕಡೆ ಇಲ್ಲ."

ನಿಂಗವ್ವ ಅಕ್ಕ ಬಾಗಿಲ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಹೋದ ಬೇಸಿಗೆಯಲ್ಲಿ ಟ್ಯಾಂಕರಿನ ಮುಂದೆ ಹೆಂಗಸರು ಕೊಡ ಹಿಡಿದು ಜಗಳಾಡಿದ್ದನ್ನು ಫಕೀರಪ್ಪನೇ ಹೇಳಿದ. ನಾನು ಆಗ ಗಾಲಿಯ ವ್ಯಾಸ ಅಳೆಯುತ್ತಿದ್ದೆ. ನೂರಾ ಅರವತ್ತೈದು ಮಿಲಿಮೀಟರ್. ಹಲ್ಲಿನ ಲೆಕ್ಕಕ್ಕೆ ಭಾಗಿಸಿದರೆ ಯಾವ ಅಳತೆಗೂ ಹೊಂದದ ಒಂದು ಅಡ್ಡಾದಿಡ್ಡಿ ಸಂಖ್ಯೆ ಬಂತು. ಮತ್ತೆ ಭಾಗಿಸಿದೆ. ಮತ್ತೆ ಅದೇ.

ಕಾಕಾ ನನ್ನ ಹೆಗಲ ಮೇಲಿಂದ ನೋಡಿದ. "ಮಿಲಿಮೀಟರ್ ಬಿಡು. ಹಳೇ ಕಾಲದ್ದು, ಇಂಚಿನ್ಯಾಗ ಅಳಿ."

ಆರೂವರೆ ಇಂಚು! ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಇಂಚಿನ ಗಾಲಿಗಳ ಹಳೆಯ ಸೂತ್ರದಂತೆ ಮೂವತ್ತೇಳಕ್ಕೆ ಎರಡು ಕೂಡಿಸಿ ಆರೂವರೆಯಿಂದ ಭಾಗಿಸಿದರೆ ಹಲ್ಲಿನ ಅಳತೆ ಆರು. ಮುದ್ದಾದ, ಪೂರ್ತಿ ಆರು. ನಾನು ಕೂಗಿಯೇಬಿಟ್ಟೆ. ಅಳತೆ ಸಿಕ್ಕಿತ್ತು. ಕಟರ್ ಇಲ್ಲದಿದ್ದರೇನು, ಮುರಿಯದ ಎರಡು ಹಲ್ಲುಗಳ ನಡುವಿನ ಸಂದಿಗೆ ಸರಿಯಾಗಿ ಕೂರುವಂತೆ ಒಂದು ಟೂಲನ್ನು ನಾನೇ ಸಾಣೆ ಹಿಡಿಯಬಲ್ಲೆ.

"ತಟ್ಟಿ?" ಎಂದ ಕಾಕಾ.

ಹೌದು, ತಟ್ಟೆ. ಮೂವತ್ತೇಳು ಹಲ್ಲಿಗೆ ಪ್ರತಿ ಸಲ ಕೈಹಿಡಿಯನ್ನು ಒಂದು ಪೂರ್ತಿ ಸುತ್ತು, ಮೇಲೆ ಮೂವತ್ತೇಳರಲ್ಲಿ ಮೂರು ಪಾಲು ತಿರುಗಿಸಬೇಕು. ದುಂಡಗಿನ ಒಂದು ವಸ್ತುವಿನ ಮೇಲೆ ಸಮನಾದ ಮೂವತ್ತೇಳು ಗುರುತು ಬೇಕು. ಅಂಗಡಿಯ ಬಾಜೂಕ್ಕೆ ಒಬ್ಬ ಟೇಲರ್ ಇದ್ದ. ಅವನ ಕೊರಳಲ್ಲಿ ಜೋತಾಡುತ್ತಿದ್ದ ಅಳತೆಪಟ್ಟಿ ನನ್ನ ಕಣ್ಣಿಗೆ ಬಿತ್ತು.

"ಕಾಕಾ, ಮೂವತ್ತೇಳು ಎರಡ್ಲೆ ಎಷ್ಟ್ರಿ?"

"ಎಪ್ಪತ್ನಾಕು."

"ಟೇಪ್ ಎಪ್ಪತ್ನಾಕು ಸೆಂಟಿಮೀಟರಿಗೆ ಕತ್ತರಸೂಣ್ರಿ. ಒಂದ ಹಲಗಿ ಲೇಥಿಗೆ ಕಟ್ಟಿ ತಿರುವತೀನಿ. ಟೇಪ್ ಸುತ್ತಿದಾಗ ಎರಡೂ ತುದಿ ಕೂಡೂ ತನಕ ತಿರುವತೀನಿ. ಎರಡ ಸೆಂಟಿಮೀಟರಿಗೊಂದ ತೂತು. ಆತಲ್ಲ ತಟ್ಟಿ!"

"ಕಟಗಿ ತಟ್ಟಿ?" ಕಾಕಾ ನಕ್ಕ. "ಟೇಲರನ ಟೇಪು, ಕೈಲೆ ಹಾಕಿದ ತೂತು. ಅರ್ಧ ಮಿಲಿಮೀಟರ್ ತಪ್ಪಿದ್ರ ಏನಾಕ್ಕೈತಿ ಗೊತ್ತೈತೇನು?"

"ಗೊತ್ತೈತ್ರಿ. ನಲವತ್ತರಿಂದ ಭಾಗ ಆಕ್ಕೈತಿ."

ಅವನ ನಗು ನಿಂತಿತು. ಕೈಹಿಡಿ ತಟ್ಟೆಯ ಮೇಲೆ ಒಂದು ಸುತ್ತು ತಿರುಗಿದರೆ ಗಾಲಿ ನಲವತ್ತರಲ್ಲಿ ಒಂದು ಪಾಲಷ್ಟೇ ತಿರುಗುವುದು. ತಟ್ಟೆಯ ತಪ್ಪೂ ಹಾಗೆಯೇ, ನಲವತ್ತು ಪಟ್ಟು ಸಣ್ಣದಾಗಿ ಗಾಲಿಯನ್ನು ಮುಟ್ಟುತ್ತದೆ. ಎಣಿಕೆ ಸರಿಯಿದ್ದು ತೂತು ತುಸು ಅತ್ತಿತ್ತ ಆದರೂ ಆ ತಪ್ಪು ಕೂಡುತ್ತ ಹೋಗುವುದಿಲ್ಲ. ಕಾಕಾ ಗೋಡೆಯನ್ನು ನೋಡುತ್ತ ತುಟಿ ಅಲ್ಲಾಡಿಸಿ ಲೆಕ್ಕ ಹಾಕಿದ. ಆಮೇಲೆ ಹಣೆ ಬಡಿದುಕೊಂಡ.

"ಅಯ್ಯ ನನ್ನ! ಮೂವತ್ತು ವರ್ಷ ಇಲ್ಲದ ತಟ್ಟಿ ಹುಡಕ್ಕೊಂತ ಕುಂತೆ ನೋಡು. ಮಾಡಬೇಕಂತ ಹೊಳೀಲಿಲ್ಲ." ನಿಂಗವ್ವ ಅಕ್ಕನ ಕಡೆ ತಿರುಗಿದ. "ಶುಕ್ರವಾರ ಸಂಜಿಕ್ಕ ಬರ್ರಿ. ಆದ್ರ ಒಯ್ಯೀರಂತ. ಆಗಲಿಲ್ಲಂದ್ರ ನನ್ನ ಬೈದು ಹೋಗೀರಂತ."

"ಬೈಯಾಕ ಬರಂಗಿಲ್ಲ ಯಪ್ಪಾ, ಒಯ್ಯಾಕ ಬರತೀನಿ" ಎಂದರು ಅಕ್ಕ.

ಟೇಲರ್ ಗೊಣಗುತ್ತ ಟೇಪು ಕೊಟ್ಟ. ಚಕ್ಕಡಿಯ ಹಳೆಯ ಹಲಗೆಯೊಂದನ್ನು ಆ ದಿನವೇ ತಿರುವಿದೆ. ಕೊನೆಕೊನೆಗೆ ಮರವನ್ನಲ್ಲ, ಮರದ ಪುಡಿಯನ್ನು ತೆಗೆದಂತೆ. ಸುತ್ತಿ ನೋಡು, ಮತ್ತೆ ತುಸು ಕೆರೆ, ಮತ್ತೆ ಸುತ್ತು. ಟೇಪಿನ ತುದಿಗಳು ಒಂದನ್ನೊಂದು ಮುಟ್ಟಿದಾಗ ಉಗುರು ಕೂಡ ಸಂದಿಗೆ ಇಳಿಯಲಿಲ್ಲ. ಟೇಪಿನ ಗುರುತು ಹಿಡಿದು ಸುತ್ತಲೂ ಮೂವತ್ತೇಳು ತೂತು ಹಾಕಿದೆ. ಬುಧವಾರ ನಮ್ಮ ಮನೆಯವರು ಹುಬ್ಬಳ್ಳಿಯಿಂದ ಏಳಿಂಚು ಅಗಲ, ಎರಡಿಂಚು ದಪ್ಪದ ದುಂಡು ಉಕ್ಕಿನ ತುಂಡನ್ನು ಬಸ್ಸಿನಲ್ಲಿ ಕಾಲ ಬಳಿ ಇಟ್ಟುಕೊಂಡು ತಂದರು. "ಲಗೇಜ್ ಟಿಕೀಟ್ ಹರದೀನಿ ಮತ್ತ. ಮುಂದ ಡ್ರೈವರ್ ಕೇಳಿದಾ, ಏನೋ ಶಿವ್ಯಾ, ಬಾಂಬೇನು ಅಂತ" ಎಂದು ನಗುತ್ತ ಬಾಗಿಲಲ್ಲಿ ಇಳಿಸಿ ಓಡಿದರು. ಉಕ್ಕನ್ನು ಆರೂವರೆ ಇಂಚಿಗೆ ತಂದೆ. ಟೂಲಿನ ತುದಿಯನ್ನು ಸಾಣೆ ಹಿಡಿದು, ಹಳೆಯ ಗಾಲಿಯ ಸಂದಿಗೆ ಇಟ್ಟು, ಬೆಳಕಿಗೆ ಹಿಡಿದು, ಬೆಳಕು ತೂರುವ ಕಡೆ ಮತ್ತೆ ಸಾಣೆ ಹಿಡಿದೆ. ಮಧ್ಯಾಹ್ನದ ಹೊತ್ತಿಗೆ ಬೆಳಕು ತೂರುವುದು ನಿಂತಿತು.

ಗುರುವಾರ ಬೆಳಗ್ಗೆ ಕಾಕಾ ಸ್ನಾನ ಮಾಡಿ ಹೊಸ ಧೋತರ ಉಟ್ಟು ಬಂದ. ಲೇಥಿನ ಬಾಯಲ್ಲಿ ಟೂಲು ಸುತ್ತುತ್ತದೆ, ಎದುರಿಗೆ ಡಿವೈಡಿಂಗ್ ಹೆಡ್ಡಿನಲ್ಲಿ ಬಿಗಿದ ಗಾಲಿ ಮೆಲ್ಲಗೆ ಅದರ ಕಡೆ ಸರಿಯುತ್ತದೆ. ಸರಿಸುವುದು ನನ್ನ ಕೆಲಸ. ತೂತು ಎಣಿಸಿ ಕೈಹಿಡಿ ತಿರುಗಿಸಿ ಬಿಗಿಯುವುದು ಕಾಕಾನ ಕೆಲಸ. ಮೊದಲ ಸಲ ಟೂಲು ಉಕ್ಕನ್ನು ಮುಟ್ಟಿ ಟಕ್ ಟಕ್ ಎಂದಾಗ ನನ್ನ ಮೈ ಜುಮ್ಮೆಂದಿತು. ಕುಸುಬಿ ಎಣ್ಣೆ ಹನಿಸಿದೆ, ಹೊಗೆ ಎದ್ದಿತು, ನೀಲಿ ಬಣ್ಣದ ಸಣ್ಣ ಸುರುಳಿಗಳು ಉದುರಿದವು. ಕಾರ್ಖಾನೆಯ ಎಂಟು ವರ್ಷ ಮುಚ್ಚಿದ ಬಾಗಿಲ ಹಿಂದೆ ಆಗುತ್ತಿದ್ದದ್ದು ಈಗ ನನ್ನ ಮೂಗಿನ ಕೆಳಗೇ ಆಗುತ್ತಿತ್ತು.

ಹತ್ತನೇ ಸಂದಿ ಆಗುವಷ್ಟರಲ್ಲಿ ಬಾಗಿಲಲ್ಲಿ ಜನ ಸೇರಿದ್ದರು. ಟೇಲರ್ ತನ್ನ ಟೇಪಿನ ಗತಿ ನೋಡಲು ಬಂದವನು ಅಲ್ಲೇ ನಿಂತ. ಬೀಸುವ ಗಿರಣಿಯವನು, ಅಡತಿಯ ಹಮಾಲರು. ತಡೆಯಲಾರದೆ ನಿಂಗವ್ವ ಅಕ್ಕನೂ ಫಕೀರಪ್ಪನ ಟ್ರಾಕ್ಟರ್ ಹತ್ತಿ ಬಂದುಬಿಟ್ಟಿದ್ದರು. ಒಂದೊಂದು ಸಂದಿ ಮುಗಿದಾಗಲೂ ಎಲ್ಲರೂ ಸೇರಿ ಕೂಗುತ್ತಿದ್ದರು. "ಹದಿನೇಳು! ಹದಿನೆಂಟು!"

ಹತ್ತೊಂಬತ್ತರ ನಡುವೆ ಆಕಾಶ ಕಪ್ಪಾಗಿ ಬಡಬಡ ಮಳೆ ಸುರಿಯಿತು. ಕರೆಂಟು ಹೋಯಿತು. ಟೂಲು ಉಕ್ಕಿನ ಒಳಗೇ ನಿಂತುಬಿಟ್ಟಿತು.

"ಯಾರೂ ಏನೂ ಮುಟ್ಟಬ್ಯಾಡ್ರಿ!" ಕಾಕಾ ಕೂಗಿ ಎರಡೂ ಕೈಯಿಂದ ಹೆಡ್ಡಿನ ಬಿಗಿಯನ್ನು ಹಿಡಿದ. ಅರ್ಧ ಗಂಟೆಯಾಯಿತು. ಒಂದು ಗಂಟೆಯಾಯಿತು. ಯಾರೋ ಫೋನ್ ಮಾಡಿ ಕೇಳಿದರು. ರಸ್ತೆಯಲ್ಲಿ ಕಂಬ ಬಿದ್ದಿದೆ, ನಾಳೆಯೇ ಬರುವುದು ಕರೆಂಟು. ನನ್ನ ಕಣ್ಣಲ್ಲಿ ನೀರು ತುಂಬಿತು. ಅರ್ಧ ಗಾಲಿ ಹಾಗೇ ನಿಂತಿತ್ತು, ನಾಳೆಯೇ ಶುಕ್ರವಾರ.

ನಿಂಗವ್ವ ಅಕ್ಕ ಲೇಥಿನ ಹಿಂಬದಿಗೆ ಬಗ್ಗಿ ನೋಡಿದರು. ಕಾಕಾನ ಅಪ್ಪನ ಕಾಲದ ಲೇಥ್, ಅಗಲ ಪಟ್ಟಾದ ಮೇಲೆ ಓಡುವಂಥದ್ದು.

"ಈ ಪಟ್ಟಾ ತಿರಗಿದ್ರ ಆತಲ್ರಿ? ಕರೆಂಟ ಯಾಕ ಬೇಕು? ನಮ್ಮ ಟ್ರಾಕ್ಟರಿಗೆ ಕಾಳು ಬಡಿಯೂ ರಾಶಿ ಮಷೀನ್ ತಿರುಗಸೂ ಗಾಲಿ ಐತಿ."

ಎಲ್ಲರೂ ಒಮ್ಮೆಲೇ ಓಡಿದರು! ಗಿರಣಿಯವನು ತನ್ನ ಗಿರಣಿಯ ಉದ್ದ ಪಟ್ಟಾ ಬಿಚ್ಚಿ ತಂದ. ಫಕೀರಪ್ಪ ಮಳೆಯಲ್ಲೇ ಟ್ರಾಕ್ಟರನ್ನು ಹಿಂದಕ್ಕೆ ತಂದು ಬಾಗಿಲಿಗೆ ಹಚ್ಚಿ ಗಾಲಿಗೆ ಕಲ್ಲು ಕೊಟ್ಟ. ಹಮಾಲರು ಗೋಣಿಚೀಲ ಹಿಡಿದು ಪಟ್ಟಾಕ್ಕೆ ನೀರು ಬೀಳದಂತೆ ನಿಂತರು. "ಸಾವಕಾಶ, ಸಾವಕಾಶ" ಎಂದು ಕಾಕಾ ಕೂಗುತ್ತಿದ್ದ. ಟ್ರಾಕ್ಟರ್ ಗುಡುಗಿತು, ಪಟ್ಟಾ ನಡುಗಿತು, ಲೇಥ್ ತಿರುಗಿತು. ಟೂಲು ನಿಂತಲ್ಲಿಂದಲೇ ಮತ್ತೆ ಟಕ್ ಟಕ್ ಎಂದು ಕೊರೆಯತೊಡಗಿತು.

"ಹತ್ತೊಂಬತ್ತು!" ಬಜಾರ ಪೂರ್ತಿ ಕೇಳುವಂತೆ ಕೂಗಿದರು.

ಹೊತ್ತು ಮುಳುಗಲು ಇನ್ನೂ ಸಮಯವಿತ್ತು, ಮೂವತ್ತಾರು ಮುಗಿಯಿತು. ಉಳಿದದ್ದು ಒಂದೇ ಸಂದಿ. ಈಗ ಯಾರೂ ಕೂಗಲಿಲ್ಲ. ಕಾಕಾ ಒಂದು ಸುತ್ತು ತಿರುಗಿಸಿ ಮೂರು ತೂತು ಎಣಿಸಿದ, ಮತ್ತೊಮ್ಮೆ ಎಣಿಸಿದ, ಬಿಗಿದ. ನಾನು ಸರಿಸಿದೆ. ಕೊನೆಯ ಸುರುಳಿ ಉದುರಿತು. ಟ್ರಾಕ್ಟರ್ ನಿಲ್ಲಿಸಿದರು. ದಪ್ಪ ಅಳೆಯಲು ಮೊದಲ ಹಲ್ಲಿಗೆ ಹೊಂದಿಸಿಟ್ಟ ಕಾಲಿಪರನ್ನು ಕಾಕಾ ಕಡೆಯ ಹಲ್ಲಿನ ಮೇಲೆ ಇಳಿಸಿದ. ಕಾಲಿಪರ್ ಸಿಕ್ಕಿಕೊಳ್ಳಲಿಲ್ಲ, ಸಡಿಲವೂ ಆಗಲಿಲ್ಲ. ಮೊದಲ ಹಲ್ಲಿನ ಮೇಲೆ ಹೇಗೆ ಇಳಿದಿತ್ತೋ ಹಾಗೆಯೇ ಇಳಿಯಿತು.

ಕಾಕಾ ಕಾಲಿಪರನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋಗಿ ಮಳೆಯಲ್ಲಿ ನಿಂತ. ಒಳಗೆ ಬಂದಾಗ ಹಣೆಯ ವಿಭೂತಿಯೆಲ್ಲ ತೊಳೆದುಹೋಗಿತ್ತು. "ಎಲ್ಲಾರಿಗೂ ಚಾ ತರಸ್ರಿ. ಈಕೀಗೆ ಮದಲ ಕೊಡ್ರಿ" ಎಂದ.

ಶುಕ್ರವಾರ ಮಧ್ಯಾಹ್ನ ಕರೆಂಟು ಬಂದ ಮೇಲೆ ಉಳಿದ ಸಣ್ಣ ಕೆಲಸ ಮುಗಿಸಿ, ಸಂಜೆಗೆ ಹಳ್ಳಿಗೆ ಹೋಗಿ ಗಾಲಿ ಕೂರಿಸಿದೆವು. ಶನಿವಾರ ನಾವು ಮತ್ತೆ ಕೆರೆಯ ಒಡ್ಡಿನ ಮೇಲಿದ್ದೆವು. ನಿಂಗವ್ವ ಅಕ್ಕ ಊರಿನ ಹೆಂಗಸರನ್ನೆಲ್ಲ ಕರೆತಂದಿದ್ದರು. ಹೊತ್ತು ನೆತ್ತಿಗೆ ಬರುವಾಗ ಕಾಲುವೆಯ ತಿರುವಿನಲ್ಲಿ ನೀರು ಕಾಣಿಸಿತು. ಮಣ್ಣಿನ ಬಣ್ಣದ್ದು, ಮುಂದೆ ಕಸಕಡ್ಡಿ ತಳ್ಳಿಕೊಂಡು ಬರುತ್ತಿತ್ತು.

ಫಕೀರಪ್ಪ ಗೇಟಿನ ಹಿಡಿಕೆಗೆ ಕೈ ಹಾಕಿದ. ಮೊದಲು ಬಿಗಿಯಾಯಿತು. ಎಲ್ಲೋ ಕೆಳಗೆ ಕಬ್ಬಿಣ ನರಳಿತು. ಆಮೇಲೆ ಹೊಸ ಗಾಲಿ ಒಂದು ಹಲ್ಲು ಸರಿಯಿತು, ಇನ್ನೊಂದು ಸರಿಯಿತು, ಕರ್ ಕರ್ ಎನ್ನುತ್ತ ಗೇಟು ಏಳತೊಡಗಿತು. ಕಾಲುವೆಯ ನೀರು ಭೋರೆಂದು ಕೆರೆಯೊಳಗೆ ನುಗ್ಗಿತು. "ಬಂತು! ಬಂತು!" ಎಂದು ನಾನು ಎಳೆ ಹುಡುಗಿಯಂತೆ ಒಡ್ಡಿನ ಮೇಲೆ ಕುಣಿದೆ. ಹೆಂಗಸರು ಒಬ್ಬೊಬ್ಬರಾಗಿ ಬಂದು ಹಿಡಿಕೆ ತಿರುಗಿಸಿದರು. ಬಾಯಲ್ಲಿ ಹಲ್ಲಿಲ್ಲದ ಒಬ್ಬ ಅಜ್ಜಿ ತಿರುಗಿಸಿ, "ಹಗುರ ಐತಲ್ಲೇ ಯವ್ವಾ, ಬೀಸೂ ಕಲ್ಲಿಗಿಂತ ಹಗುರ!" ಎಂದು ನಕ್ಕಳು.

ಅಷ್ಟರಲ್ಲಿ ಕಾಲುವೆಯ ಸೇತುವೆಯ ಮೇಲೆ ಬಸ್ಸು ಬಂತು. ನಮ್ಮ ಮನೆಯವರ ಬಸ್ಸು. ಸೀಟಿ ಕೇಳಿಸಿತು, ಬಸ್ಸು ನಿಂತಿತು. ಅದು ನಿಲ್ಲುವ ಜಾಗವಲ್ಲ. ಡ್ರೈವರ್ ಕಿಟಕಿಯಿಂದ ತಲೆ ಹಾಕಿ ಬೈಯುತ್ತಿದ್ದ. ನಮ್ಮವರು ಬಾಗಿಲಿನಿಂದ ಜಿಗಿದು, ಟಿಕೆಟ್ ಮಷೀನನ್ನು ಕೊರಳಲ್ಲಿ ಹಾಗೇ ನೇತುಹಾಕಿಕೊಂಡು, ಕೆಳಗಿಳಿಯುತ್ತಿದ್ದ ಪ್ರಯಾಣಿಕರಿಗೆಲ್ಲ ಕೈಮಾಡಿ ತೋರಿಸುತ್ತಿದ್ದರು.

"ನೋಡ್ರಿ, ನೋಡ್ರಿ! ಆ ಗೇಟ್ ಎತ್ತಿದ ಗಾಲಿ ಐತಲ್ಲ, ಅದನ್ನ ಕೊರದಾಕಿ ನಮ್ಮಾಕಿ!"

ಸಂತೆಯ ಚೀಲ ಹಿಡಿದವರು, ಮಕ್ಕಳನ್ನು ಎತ್ತಿಕೊಂಡವರು, ಎಲ್ಲರೂ ಸೇತುವೆಯ ಕಟ್ಟೆಗೆ ಆತುಕೊಂಡು ಕೆರೆಗೆ ನೀರು ಇಳಿಯುವುದನ್ನು ನೋಡುತ್ತ ನಿಂತರು. ಬೈಯುತ್ತಿದ್ದ ಡ್ರೈವರ್ ಕೂಡ ಎಂಜಿನ್ ಆರಿಸಿ ಇಳಿದು ಬಂದ. ಆ ಬಸ್ಸು ಅಂದು ಇಪ್ಪತ್ತು ನಿಮಿಷ ತಡವಾಗಿ ಅಣ್ಣಿಗೇರಿ ತಲುಪಿತು. ಯಾರೂ ದೂರು ಕೊಡಲಿಲ್ಲ.